ಸೇಲಂ ನಾಟಕಕ್ಕೆ ಎಂಥ ಪ್ರಶ್ನೆಪತ್ರಿಕೆ?

ಆರ್ಥರ್ ಮಿಲ್ಲರ್ ಅವರ ‘ದಿ ಕ್ರೂಸಿಬಲ್’ ನಾಟಕ ದಶಕಗಳಿಂದ ಅಮೆರಿಕದ ಹೈಸ್ಕೂಲುಗಳಲ್ಲಿ ಪಾಠವಾಗಿದೆ. ‘ಈ ಮಾತನ್ನು ಯಾರು, ಯಾರಿಗೆ ಹೇಳಿದರು’ ಎಂಬ ಬಗೆಯ ಪ್ರಶ್ನೆ ಇಂಥ ಕೃತಿಗೆ ಸಾಲದು.

ನಾಟಕದ ಹಿನ್ನೆಲೆ ಅಮೆರಿಕದ ಸೇಲಂ ಊರು. ಅಲ್ಲಿ 1692ರ ವಿಚಾರಣೆಗಳಲ್ಲಿ ಮಾಟದ ಆರೋಪ ಹೊರಿಸಿ 19 ಮಂದಿಯನ್ನು ಗಲ್ಲಿಗೇರಿಸಲಾಯಿತು. ವಿಚಾರಣೆಗೆ ಒಪ್ಪದ ಮುದುಕ ಜೈಲ್ಸ್ ಕೋರಿಯ ಮೇಲೆ ಕಲ್ಲು ಹೇರಿ ಕೊಂದರು. ಆದರೆ ಮಿಲ್ಲರ್ ಇತಿಹಾಸವನ್ನು ಇದ್ದಂತೆ ಇಡಲಿಲ್ಲ. ಆರೋಪ ಹೊರಿಸಿದವರಲ್ಲಿ ಒಬ್ಬಳಾದ ನಿಜದ ಅಬಿಗೈಲ್ ವಿಲಿಯಮ್ಸ್ ಹನ್ನೊಂದು-ಹನ್ನೆರಡರ ಹುಡುಗಿ, ಗಲ್ಲಿಗೇರಿದ ಜಾನ್ ಪ್ರಾಕ್ಟರ್ ಅರವತ್ತರ ಆಸುಪಾಸಿನವ. ನಾಟಕದಲ್ಲಿ ಅವಳಿಗೆ 17, ಅವನಿಗೆ ಮೂವತ್ತು ದಾಟಿದ ವಯಸ್ಸು. ನಡುವೆ ಇತಿಹಾಸದಲ್ಲಿಲ್ಲದ ಒಂದು ಸಂಬಂಧ. ಏಕೆ? ಇದರಿಂದ ನಾಟಕ ಗಳಿಸಿದ್ದೇನು, ಕಳೆದುಕೊಂಡದ್ದೇನು? ಕೇಳಬೇಕಾದ ಪ್ರಶ್ನೆ ಇದು.

ಇನ್ನೊಂದೂ ಇದೆ. ಕಮ್ಯುನಿಸ್ಟರ ಬೇಟೆ ಜೋರಾಗಿದ್ದ 1953ರಲ್ಲಿ ನಾಟಕ ರಂಗಕ್ಕೆ ಬಂತು. 1956ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿ ಮಿಲ್ಲರ್ ಅವರನ್ನೇ ಕರೆಸಿ, ಕಮ್ಯುನಿಸ್ಟರ ಸಭೆಗಳಲ್ಲಿದ್ದ ಇತರರ ಹೆಸರು ಹೇಳುವಂತೆ ಒತ್ತಾಯಿಸಿತು. ಅವರು ಹೇಳಲಿಲ್ಲ. ಅದಕ್ಕಾಗಿ ಮರುವರ್ಷ ಅಪರಾಧಿ ಎನಿಸಿಕೊಂಡರು. 1958ರಲ್ಲಿ ಮೇಲ್ಮನವಿಯಲ್ಲಿ ಆ ತೀರ್ಪು ರದ್ದಾಯಿತು. ನಾಟಕದಲ್ಲಿ ಪ್ರಾಕ್ಟರ್ ತನ್ನ ತಪ್ಪೊಪ್ಪಿಗೆಯ ಕಾಗದ ಹರಿಯುವ ದೃಶ್ಯದ ಪಕ್ಕಕ್ಕೆ ಈ ಘಟನೆಯನ್ನಿಟ್ಟು ಒಂದು ಪುಟ ಬರೆಯಲು ಶಿಕ್ಷಕರು ಮಕ್ಕಳಿಗೆ ಹೇಳಲಿ. ಪುಸ್ತಕ ತೆರೆದಿಟ್ಟುಕೊಂಡೇ ಬರೆಯಲಿ.