ತೂಕ ನೋಡದ ಶಾಕ್ ತಗೋಬ್ಯಾಡ್ರಿ

ಹೋದ ವಾರ ಧಾರವಾಡದಿಂದ ನಮ್ಮ ವೈನಿ ಫೋನ್ ಮಾಡಿದಾಗ ನಾನು ಗ್ಯಾರೇಜಿನ್ಯಾಗ ನೆಲದ ಮ್ಯಾಲೆ ಕೂತು, ಜಂಪರ್ ಅಳತಿ ತಗೊಳ್ಳೋ ಟೇಪ್ ಹಿಡಕೊಂಡು ಮಗನ ಗಾಡಿ ಅಳೀಲಿಕ್ಕೆ ಹತ್ತಿದ್ದೆ. "ಏನ್ ಮಾಡ್ಲಿಕತ್ತೀ?" ಅಂದ್ರು. "ಸ್ಯಾಗ್ ನೋಡ್ಲಿಕತ್ತೇನ್ರಿ ವೈನಿ" ಅಂದೆ. ಒಂದ್ ಗಳಿಗಿ ಸುಮ್ನಿದ್ದು, "ಅರಾಮ ಇದ್ದೀ ಇಲ್ಲೋ?" ಅಂತ ಕೇಳಿದ್ರು.

ಅವರಿಗೆ ಹೇಳಿದ್ದನ್ನ ನಿಮಗೂ ಹೇಳ್ತೀನಿ. ಯಾಕಂದ್ರ ಈ ಸಾಮಾನು ಖರೀದಿ ಮಾಡೂದು ಗಂಡಸರ ಕೆಲಸ ಅಂತ ನಾವು ಅಡಗಿಮನ್ಯಾಗ ಕೂತುಬಿಡ್ತೀವಿ, ಆಮ್ಯಾಲೆ ಕೈ ಮುರಕೊಂಡು ಬಂದಾಗ ಬಿಸಿನೀರ ಕಾಸೂದು ಮಾತ್ರ ನಮ್ಮ ಪಾಲಿಗೆ ಬರ್ತದ.

ನಾವಿರೂದು ಫೀನಿಕ್ಸ್‌ನಾಗ. ಮಗಗ 22 ವರ್ಷ. ಹೋದ ವರ್ಷ ತಾನ ದುಡದ ರೊಕ್ಕದಾಗ ಒಂದು ಹಳೇ ಯಮಾಹಾ ರಾಪ್ಟರ್ 700 ತಂದ. ಸ್ಪೋರ್ಟ್ ಕ್ವಾಡ್ ಅಂತಾರ ಅದಕ್ಕ. ನಾಲ್ಕು ಗಾಲಿ, ಬೈಕಿನಂಥಾ ಹ್ಯಾಂಡಲ್, ಒಬ್ಬರಿಗಷ್ಟ ಸೀಟು. ಊರ ಕಡೆ ರೆಸಾರ್ಟಿನ್ಯಾಗ ಸುತ್ತು ಹಾಕಸ್ತಾರಲ್ಲ, ಅದ ಜಾತಿದು ಖರೇ, ಆದ್ರ ಅದು ಎಮ್ಮಿ ಇದ್ರ ಇದು ಹೋರಿ. ಚಳಿಗಾಲ ಬಂತಂದ್ರ ಹುಡುಗರೆಲ್ಲಾ ಯೂಮಾ ದಾಟಿ ಕ್ಯಾಲಿಫೋರ್ನಿಯಾದ ಗ್ಲಾಮಿಸ್‌ಗೆ ಹೋಗ್ತಾರ. ಕಣ್ಣು ಹಾಯೂತನಕ ಬರೇ ಉಸುಕಿನ ಗುಡ್ಡ. ಅಲ್ಲೆ ಪ್ರತಿ ಗಾಡಿಗೆ 8 ಫೂಟ್ ಎತ್ತರದ ಕಡ್ಡಿಗೆ ಬಾವುಟ ಕಟ್ಟಲೇಬೇಕು, ಗುಡ್ಡದ ಆ ಕಡೆಯಿಂದ ಬರೂ ಗಾಡಿ ಈ ಕಡೆಯವರಿಗೆ ಕಾಣ್ಲಿ ಅಂತ. ಇದನ್ನ ಕೇಳಿದ ದಿವಸ ನಂಗ ರಾತ್ರಿ ನಿದ್ದಿ ಬರಲಿಲ್ಲ.

ಗಾಡಿ ಮಾರಿಬಿಡೋ ಅಂತ ಎರಡು ಸಲ ಅಂದೆ. ಕೇಳಲಿಲ್ಲ. ಮೂರನೇ ಸಲ ಅನ್ನೂದ ಬಿಟ್ಟು, ಇದ್ದದ್ದನ್ನ ನೆಟ್ಟಗ ಇಟಗೊಳ್ಳಲಿ ಅಂತ ನಾನ ಗ್ಯಾರೇಜಿಗೆ ಇಳದೆ.

ಪ್ರತಿ ಸಲ ಬಂದಾಗ ಅವನ ಮಣಿಕಟ್ಟು ಬಾತಿರತಿದ್ವು. ಗುಂಡಿಗೆ ಇಳದಾಗ ಮುಂದಿನ ಭಾಗ ದಡ್ ಅಂತ ಪೂರ್ತಿ ತಳಕ್ಕ ಬಡೀತದಂತ, ಆ ಏಟು ಸೀದಾ ಕೈಗೆ. ಮುಂದಿನ ಎರಡೂ ಶಾಕ್ ಬದಲಸ್ತೀನಿ ಅಂತ ಲ್ಯಾಪ್‌ಟಾಪ್ ತಗದು ಕೂತ. ಅಂವ ಇಷ್ಟಪಟ್ಟಿದ್ದ ಜೋಡಿಗೆ ಸಾವಿರ ಡಾಲರ್ ಮ್ಯಾಲೆ. ಸ್ಪ್ರಿಂಗ್ ಕೆಂಪಗ ಮಿಂಚತಿದ್ವು, ಅದಕ್ಕ ಮರುಳಾಗಿದ್ದ ಅಂತ ಮಾರಿ ನೋಡಿದ್ರ ತಿಳೀತಿತ್ತು. ಕೆನಡಾದ ಎಲ್ಕಾ ಕಂಪನಿಯವರದು ಸ್ಟೇಜ್ 1 ರಿಂದ ಸ್ಟೇಜ್ 5 ರ ತನಕ ಅವ. ನಮ್ಮ ಮನಿಯವರು ಪೇಪರ್ ಓದಕೋತ ಕೂತಲ್ಲಿಂದನ "ತಗೊಳ್ಳೂದಾದ್ರ ಐದನೇದ್ದ ತಗೋ, ಒಮ್ಮೆ ತಗೊಂಡ್ರ ಮುಗೀತು" ಅಂದ್ರು. ಮಿಕ್ಸರ್ ತಗೊಳ್ಳಿಕ್ಕೆ ಹೋದಾಗೂ ಹಿಂಗ ಅಂದಿದ್ರು. ಅದರ ಮೂರು ಭಾಂಡೆ ಇನ್ನೂ ಡಬ್ಬಿ ಬಿಟ್ಟು ಹೊರಗ ಬಂದಿಲ್ಲ.

ನಾನು ಇದಕ್ಕ ಒಪ್ಪಲಿಲ್ಲ. ಯಾಕಂತ ಹೇಳ್ತೀನಿ.

ಶಾಕ್ ಅಂದ್ರ ಒಳಗ ಎರಡ ಮಾತು. ಒಂದು ಸ್ಪ್ರಿಂಗ್, ಇನ್ನೊಂದು ಎಣ್ಣಿ. ಬ್ಯಾಂಕಿನ ಬಾಗಲಾ ನೆನಪ ಮಾಡಕೋರಿ. ಕೈ ಬಿಟ್ರೂ ದಡಕ್ಕನ ಬಡಿಯಂಗಿಲ್ಲ, ಮೆಲ್ಲಕ ಮುಚ್ಚತದ. ಮುಚ್ಚೂದು ಸ್ಪ್ರಿಂಗ್, ಮೆಲ್ಲಕ ಮಾಡೂದು ಎಣ್ಣಿ. ಗಾಡಿಯೊಳಗ ತೂಕ ಹೊರೂದು ಸ್ಪ್ರಿಂಗ್. ಆ ಸ್ಪ್ರಿಂಗ್ ಎಷ್ಟು ದಪ್ಪಿರಬೇಕು ಅನ್ನೂದು ಮ್ಯಾಲೆ ಕೂಡೂ ಮನಷ್ಯಾನ ತೂಕದ ಮ್ಯಾಲೆ ಅದ. ಕಾರಖಾನಿಯವರಿಗೆ ಯಾರು ಕೂಡ್ತಾರಂತ ಗೊತ್ತಿರಂಗಿಲ್ಲ. ಅವರು ನಡುವಿನ ಅಳತಿಯ ಒಬ್ಬ ಮನಷ್ಯಾಗ ಹೊಂದೂ ಹಂಗ ಹಾಕಿ ಕಳಸ್ತಾರ, ಅಂಗಡ್ಯಾಗ ನೇತಹಾಕಿದ ಹೊಲದ ಜಂಪರಿನ ಹಂಗ.

"ನಿನ್ನ ತೂಕ ಎಷ್ಟೋ?" ಅಂತ ಕೇಳಿದೆ. "185 ಪೌಂಡ್" ಅಂದ. ಬಚ್ಚಲದ ತಕ್ಕಡಿ ತಂದು ನಿಲ್ಲಿಸಿದೆ, 204. ತೂಕ ಕಡಿಮಿ ಹೇಳೂದು ನಾವು ಹೆಣ್ಮಕ್ಕಳಷ್ಟ ಅಂತ ತಿಳಕೊಂಡಿದ್ದೆ! ಆಮ್ಯಾಲೆ ಹೆಲ್ಮೆಟ್, ಬೂಟು, ಎದಿಗವಚ, ನೀರಿನ ಚೀಲ ಎಲ್ಲಾ ಹಾಕಿಸಿ ಮತ್ತ ನಿಲ್ಲಿಸಿದೆ, 227. ಅಂದ್ರ ನಮ್ಮ ಲೆಕ್ಕದಾಗ 103 ಕಿಲೊ. 185 ಅಂತ ಬರದು ಆರ್ಡರ್ ಮಾಡಿದ್ರ ಅಷ್ಟೂ ರೊಕ್ಕ ಕೊಟ್ಟು ಮತ್ತ ಮೆತ್ತನ್ನ ಸ್ಪ್ರಿಂಗ್ ತರಿಸಿದಂಗಾಗ್ತಿತ್ತು.

ಸ್ಯಾಗ್ ನೋಡೂದು ಹೆಂಗಂದ್ರ, ಮೊದಲ ಜಾಕ್ ಹಚ್ಚಿ ಮುಂದಿನ ಗಾಲಿ ಎರಡೂ ನೆಲ ಬಿಡೂ ಹಂಗ ಎತ್ತಬೇಕು. ಗಾಲಿಯ ನಟ್ಟನಡುವಿನಿಂದ ಮ್ಯಾಲಿನ ಮಡ್‌ಗಾರ್ಡ್ ತನಕ ಎಷ್ಟದ ಅಂತ ಬರಕೋಬೇಕು. ಆಮ್ಯಾಲೆ ಇಳಿಸಿ, ಪೂರ್ತಿ ವೇಷದಾಗ ಅವನ್ನ ಕೂಡಿಸಿ, ಎರಡು ಸಲ ಕುಣಿಸಿ, ಗಾಡಿ ಒಂದು ಮಾರು ಹಿಂದ ಮುಂದ ಉರುಳಿಸಬೇಕು. ಇಲ್ಲಾಂದ್ರ ಟೈರ್ ಕಾಂಕ್ರೀಟಿಗೆ ಹಿಡಕೊಂಡು ನಿಂತು ಅಳತಿ ತಪ್ಪತದ. ಮತ್ತ ಅದ ಜಾಗಾ ಅಳೀಬೇಕು. ಎಷ್ಟು ಇಳೀತು ಅನ್ನೂದ ಸ್ಯಾಗ್. ಈ ಗಾಡಿಯ ಮುಂದಿನ ಗಾಲಿ ಒಟ್ಟು 9.1 ಇಂಚು ಏರಿಳೀತದ. ಅದರಾಗ ಮೂರನೇ ಒಂದು ಪಾಲು, ಅಂದ್ರ ಸುಮಾರು 3 ಇಂಚು, ಕೂತಾಗ ಇಳದ್ರ ಬರೋಬ್ಬರಿ. ನಮ್ಮ ಮಗ ಕೂತಾಗ ನಾಲ್ಕೂವರಿ ಇಳೀತು. ಅರ್ಧ ಶಾಕ್ ಅಂವ ಕೂಡೂದ್ರಾಗನ ಖರ್ಚು!

"ಮತ್ತ ಪ್ರಿಲೋಡ್ ಕಡೀ ಹಲ್ಲಿಗೆ ತಿರುವೇನಲ್ಲ ಅಮ್ಮಾ" ಅಂದ. ಎಲ್ಲಾರೂ ಎಡವೂದು ಇಲ್ಲೇ. ಶಾಕಿನ ಮ್ಯಾಲಿನ ಬಳೆ ತಿರುವಿದ್ರ ಸ್ಪ್ರಿಂಗ್ ಗಟ್ಟಿ ಆಗ್ತದ ಅಂತ ತಿಳೀತಾರ, ಆಗಂಗಿಲ್ಲ. ಗಾಡಿ ನಿಲ್ಲೂ ಎತ್ತರ ಏರ್ತದ ಅಷ್ಟ, ಸ್ಪ್ರಿಂಗ್ ಅದ ಸ್ಪ್ರಿಂಗ್. ಕಡೀ ಹಲ್ಲಿಗೆ ಹಾಕಿದ ಮ್ಯಾಲೂ ನಾಲ್ಕೂವರಿ ಇಳೀತದ ಅಂದ್ರ ಸ್ಪ್ರಿಂಗ್ ಬದಲಸೂದ ದಾರಿ.

ಸೆಕೆಂಡ್ ಹ್ಯಾಂಡ್ ಶಾಕ್ ಅಂದ್ರ ನಂಗ ಅಂಜಿಕಿ ಇದಕ್ಕ. ಇವನ ದೋಸ್ತ ಒಬ್ಬ, ಸಣಕಲ ಹುಡುಗ, ಯಾರೋ ದಪ್ಪ ಮನಷ್ಯಾಗ ಮಾಡಿಸಿದ್ದ ಜೋಡಿ ಅರ್ಧ ರೇಟಿಗೆ ಸಿಕ್ತಂತ ಹಾಕಿಸಿಕೊಂಡ. ಮುಂದಿನ ಗಾಲಿ ನೆಲಾನ ಹಿಡೀಲಿಲ್ಲ, ಪುಟದು ಪುಟದು ಒಗೀತು. ಕೊರಳೆಲಬು ಮುರದು ಅವನ ತಾಯಿ ಆರು ವಾರ ಅವಂಗ ಅಂಗಿ ತೊಡಿಸಿದ್ಳು. ಶಾಕ್ ಭಾಳ ಛೊಲೋವ ಇದ್ವಂತ, ಬ್ಯಾರೇಯವರ ಅಳತಿಯವು ಅಷ್ಟ.

ಇನ್ನ ಸ್ಟೇಜ್ ಲೆಕ್ಕ. ಮೊದಲನೇದ್ದಕ್ಕ ಬರೇ ಎತ್ತರ ತಿರುವೂದು. ಐದನೇದ್ದಕ್ಕ ಒತ್ತಾಗೂ ಮುಂದ ತಡಿಯೂದು ಎರಡು ಥರ, ಮರಳಿ ಬರೂ ವೇಗ ಒಂದು ಥರ, ಎಲ್ಲಾ ತಿರುವಬಹುದು. ಹೈ ಸ್ಪೀಡ್, ಲೋ ಸ್ಪೀಡ್ ಅಂತ ಬರದಿರ್ತದಲ್ಲ, ಅದು ಗಾಡಿ ಓಡೂ ಸ್ಪೀಡ್ ಅಲ್ರಿ, ಶಾಕಿನ ದಂಡ ಒಳಗ ಹೋಗೂ ಸ್ಪೀಡ್. ಬ್ರೇಕ್ ಹಿಡದಾಗ ಗಾಡಿ ಮುಂದಕ್ಕ ಬಾಗೂದು ಲೋ. ಹಾರಿ ಬಿದ್ದಾಗ ಬಡಿಯೂದು ಹೈ. ಮರಳಿ ಬರೂದು ಭಾಳ ನಿಧಾನ ಮಾಡಿದ್ರ, ಉಸುಕಿನ ಸಾಲ ದಿಬ್ಬದ ಮ್ಯಾಲೆ ಶಾಕ್ ಎದ್ದು ನಿಲ್ಲೂದ್ರಾಗ ಮುಂದಿನ ದಿಬ್ಬ ಬಂದಿರ್ತದ. ಹಂಗ ಹಂಗ ಕುಸದು ಕಡೀಕ ಕಟ್ಟಿಗಿ ಆಗ್ತದ. ಭಾಳ ಜಲ್ದಿ ಮಾಡಿದ್ರ ತಿರಗಿ ಒದೀತದ. ಇಷ್ಟೂ ತಿಳದು ತಿರುವೂವರಿಗೆ ಐದನೇದ್ದು ಬಂಗಾರ. ತಿಳೀಲಾರದವರ ಕೈಯಾಗ ಹಾಳ ಮಾಡ್ಲಿಕ್ಕೆ ಮೂರು ದಾರಿ ಹೆಚ್ಚ ಆದವು. ಅದಕ್ಕ ಉಸುಕಿನ್ಯಾಗ ಓಡಸೂವರು ಮೊದಲ ಕೇಳಬೇಕಾದದ್ದು ಪಕ್ಕದಾಗ ಎಣ್ಣಿ ಡಬ್ಬಿ ಇರೂ ಶಾಕ್. ಎಣ್ಣಿ ಹೆಚ್ಚಿರ್ತದ, ಜಲ್ದಿ ಕಾಯಂಗಿಲ್ಲ, ಒಳಗ ನೈಟ್ರೋಜನ್ ಒತ್ತಿ ಹಿಡದಿರೂದಕ್ಕ ಬುರುಗು ಬರಂಗಿಲ್ಲ.

ರಾಪ್ಟರ್ 700ಆರ್ ಇದ್ದವರು ಹೊಸಾದ ತಗೋಬೇಕಂತಿಲ್ಲ. ಅದಕ್ಕ ಡಬ್ಬಿ ಶಾಕ್ ಕಂಪನಿಯಿಂದನ ಬರ್ತದ, ಸ್ಪ್ರಿಂಗ್ ಬದಲಿಸಿ ಎಣ್ಣಿ ಹೊಸಾದು ಹಾಕಿಸಿದ್ರ ಕಡಿಮಿಯೊಳಗ ಮುಗೀತದ. ನಮ್ಮದು ಸಾದಾ ಮಾಡೆಲ್.

ಇನ್ನೊಂದು ಜಗಳ ಎ-ಆರ್ಮಿಂದು. ಗಾಲಿ ಹಿಡಿಯೂ ತೋಳು ಎರಡೆರಡು ಇಂಚು ಉದ್ದಂದು ಹಾಕಿಸಿದ್ರ ಗಾಡಿ ಅಗಲಾಗಿ ಜಲ್ದಿ ಪಲ್ಟಿ ಆಗಂಗಿಲ್ಲಂತ. ಖರೇ. ಆದ್ರ 46 ಇಂಚಿಂದು 50 ಆಗ್ತದ, ಇಲ್ಲಿ ಅರಣ್ಯ ಇಲಾಖೆಯ ಎಷ್ಟೋ ಹಾದಿಗೆ 50 ಇಂಚೇ ಮಿತಿ. ತೋಳು ಬದಲಿಸಿದ್ರ ಶಾಕಿನ ಉದ್ದ, ಸ್ಪ್ರಿಂಗ್ ಎರಡೂ ಬ್ಯಾರೇ ಬೇಕು. ಇವತ್ತ ಶಾಕ್, ಬರೂ ವರ್ಷ ತೋಳು ಅಂದ್ರ ಈ ಶಾಕಿನ ರೊಕ್ಕ ನೀರಾಗ. "ಮುಂದ ಹಾಕಸಾಂವ ಇದ್ರ ಈಗ ಹೇಳಿಬಿಡು" ಅಂದೆ. ರಾತ್ರಿ ಪೂರ್ತಿ ವಿಚಾರ ಮಾಡಿ, ಬ್ಯಾಡ ಅಂದ.

ಕಡೀಕ ಡಬ್ಬಿ ಇರೂ ನಡುವಿನ ದರ್ಜೆದ್ದು, ಇದ್ದ ತೋಳಿನ ಅಳತಿಗೆ ಆರ್ಡರ್ ಮಾಡಿದ್ವಿ. ಫಾರ್ಮಿನ್ಯಾಗ ತೂಕ ಕೇಳಿದ್ರು, 227 ಅಂತ ನಾನ ಒತ್ತಿದೆ, ಅಂವಗ ಕೀಬೋರ್ಡ್ ಕೊಡಲಿಲ್ಲ. ಉಳದ ರೊಕ್ಕ ಹಿಂದಿನ ಶಾಕಿನ ಸ್ಪ್ರಿಂಗಿಗೆ ಇಟ್ಟೇವಿ. ಮುಂದ ಎತ್ತರಾಗಿ ಹಿಂದ ಕುಸದ್ರ ತಿರುವಿನ್ಯಾಗ ಮುಂದಿನ ಗಾಲಿ ನೆಲಾ ಕಚ್ಚಂಗಿಲ್ಲ. ಇದು ಮನಿಯವರಿಗೆ ಇನ್ನೂ ಪೂರ್ತಿ ಒಪ್ಪಿಗಿ ಆಗಿಲ್ಲ, "ಮುಂದಿಂದಂತ ಹೇಳಿ ಹಿಂದಿಂದೂ ಮಾಡಸ್ತೀರಿ" ಅಂತ ಗೊಣಗತಾರ.

ಪಾರ್ಸೆಲ್ ಥ್ಯಾಂಕ್ಸ್‌ಗಿವಿಂಗ್‌ಕಿಂತ ಮೊದಲ ಬರ್ತದಂತ. ಬಂದ ದಿವಸ ಮತ್ತ ಟೇಪ್ ಹಿಡಕೊಂಡು ಗ್ಯಾರೇಜಿನ್ಯಾಗ ಕೂಡೂದದ. ವೈನಿ, ಆ ಹೊತ್ತಿನ್ಯಾಗ ಫೋನ್ ಮಾಡಬ್ಯಾಡ್ರಿ, ಅಳತಿ ಮರೀತೀನಿ.