ಅಠಾರ ಕಚೇರಿ ಮತ್ತು ನಾನು ಗೆದ್ದ ಒಂದು ಚರ್ಚಾಸ್ಪರ್ಧೆ

ಮೊನ್ನೆ ಭಾನುವಾರ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಸರ್ಕಾರಿ ಕಟ್ಟಡಗಳ ಗುತ್ತಿಗೆ ಹಿಡಿಯುವುದು ಈಗ ಅವನ ವೃತ್ತಿ. ನಮ್ಮ ತಾಲ್ಲೂಕು ಕೇಂದ್ರದ ಹಳೆಯ ಹೆಂಚಿನ ಕಚೇರಿಯನ್ನು ಕೆಡವಿ ಮೂರಂತಸ್ತಿನ ಕಟ್ಟಡ ಎಬ್ಬಿಸುವ ಮಾತು ನಡೆದಿದೆಯಂತೆ. "ಸೋರುವುದನ್ನು ಇಟ್ಟುಕೊಂಡು ಏನು ಮಾಡುವುದು, ಸಾರ್?" ಎಂದು ಕೇಳಿದ. ನನಗೆ ಮಾತು ಹೊರಡಲಿಲ್ಲ. ಏಕೆಂದರೆ ಅದೇ ಮಾತನ್ನು ಒಂದು ಕಾಲದಲ್ಲಿ ವೇದಿಕೆಯ ಮೇಲೆ ನಿಂತು ಆಡಿ, ಚಪ್ಪಾಳೆ ಗಿಟ್ಟಿಸಿದವನು ನಾನು.

1980ರ ದಶಕದ ಮೊದಲ ವರ್ಷಗಳು. ನಾನು ಬೆಂಗಳೂರಿನಲ್ಲಿ ಬಿ.ಎಡ್. ಓದುತ್ತಿದ್ದೆ. ಉಚ್ಚ ನ್ಯಾಯಾಲಯವಿರುವ ಅಠಾರ ಕಚೇರಿಯನ್ನು ಕೆಡವಬೇಕೆಂಬ ಪ್ರಸ್ತಾಪ ಆಗ ಊರೆಲ್ಲ ಚರ್ಚೆಯಾಗಿತ್ತು. ನಮ್ಮ ಕಾಲೇಜಿನ ಚರ್ಚಾಸ್ಪರ್ಧೆಗೂ ಅದೇ ವಿಷಯ. ಕೆಡವಬೇಕೆಂಬ ಪಕ್ಷ ನನ್ನದು. ಪರಕೀಯರು ಆಳಿದ ಕಾಲದ ಕಟ್ಟಡ, ಜಾಗ ಸಾಲದು, ಎದುರಿಗೆ ನಮ್ಮವರೇ ಕಟ್ಟಿದ ವಿಧಾನಸೌಧವಿರುವಾಗ ಇದರ ಹಂಗೇಕೆ ಎಂದು ವಾದಿಸಿದೆ. ಬಹುಮಾನವಾಗಿ ಬಂದ ಸ್ಟೀಲ್ ಲೋಟ ಇಂದಿಗೂ ನಮ್ಮ ಅಡುಗೆಮನೆಯಲ್ಲಿದೆ.

ಆ ಕಟ್ಟಡವನ್ನು ನಾನು ಅದುವರೆಗೆ ಸರಿಯಾಗಿ ನೋಡಿಯೇ ಇರಲಿಲ್ಲ ಎಂಬುದು ನಾಚಿಕೆಯ ಸಂಗತಿ. ಸ್ಪರ್ಧೆ ಮುಗಿದ ವಾರ ಕಬ್ಬನ್ ಉದ್ಯಾನದತ್ತ ಹೋದವನು ಅದರ ಮುಂದೆ ಒಂದು ಗಂಟೆ ನಿಂತೆ. ಕೆಂಪು ಬಣ್ಣದ, ಎರಡಂತಸ್ತಿನ, ನೀಳವಾದ ಕಟ್ಟಡ. ನಡುವಿನಲ್ಲಿಯೂ ಎರಡು ತುದಿಗಳಲ್ಲಿಯೂ ಮುಂದೆ ಚಾಚಿದ ಮಂಟಪಗಳು. ಅವುಗಳ ಕಂಬಗಳ ತಲೆಯಲ್ಲಿ ಟಗರಿನ ಕೊಂಬಿನಂತೆ ಸುರುಳಿ ಸುತ್ತಿದ ಗ್ರೀಕ್ ಮಾದರಿಯ ಅಲಂಕಾರ. ಈ ಮಂಟಪಗಳ ನಡುವೆ ಮೊಗಸಾಲೆಯ ಸಾಲು. ಬಿಸಿಲು ಗೋಡೆಗೆ ತಾಗುವ ಮೊದಲೇ ಮೊಗಸಾಲೆಯಲ್ಲಿ ತಡೆದು ನಿಲ್ಲುತ್ತದೆ. ನಾನು ಬರಿಯ ಶೋಕಿಯೆಂದು ಹಳಿದದ್ದರಲ್ಲಿ ಅರ್ಧದಷ್ಟು, ನೆರಳಿನ ಏರ್ಪಾಡಾಗಿತ್ತು!

ಅಠಾರ ಎಂದರೆ ಹಿಂದೂಸ್ಥಾನಿಯಲ್ಲಿ ಹದಿನೆಂಟು. ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರ ಕೈಯಲ್ಲಿದ್ದಾಗ 1831ರಿಂದ ಆಡಳಿತದ ಹದಿನೆಂಟು ಇಲಾಖೆಗಳು ಕೋಟೆಯೊಳಗಿನ ಟಿಪ್ಪುವಿನ ಅರಮನೆಯಲ್ಲಿ ಇಕ್ಕಟ್ಟಾಗಿ ಕೂತಿದ್ದವು. ಅವುಗಳಿಗಾಗಿ 1864ರಿಂದ 1868ರವರೆಗೆ ಈ ಹೊಸ ಮನೆ ಎದ್ದಿತು. 1956ರಲ್ಲಿ ವಿಧಾನಸೌಧ ಮುಗಿದು ಸಚಿವಾಲಯ ರಸ್ತೆಯಾಚೆ ಹೋದ ಮೇಲೂ ಹೆಸರು ಮಾತ್ರ ಇಲ್ಲಿಯೇ ಉಳಿಯಿತು.

ಪರಕೀಯರದು ಎಂದೆನಲ್ಲ, ಅದೂ ಪೂರ್ತಿ ನಿಜವಲ್ಲ. ಇದರ ನಿರ್ಮಾಣವನ್ನು ವಹಿಸಿಕೊಂಡವರು ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು. ಅವರೇ 1873ರಲ್ಲಿ ಬಡ ಮಕ್ಕಳಿಗಾಗಿ ಶಾಲೆ ತೆರೆದವರು. ಆ ವಿದ್ಯಾಸಂಸ್ಥೆ ಇಂದಿಗೂ ಅವರ ಹೆಸರಿನಲ್ಲಿ ನಡೆಯುತ್ತಿದೆ. ಉಪಾಧ್ಯಾಯನಾಗಲು ಹೊರಟಿದ್ದ ನನಗೆ ಇದು ಗೊತ್ತಿರಲಿಲ್ಲ.

ಕಟ್ಟಡ ಉಳಿದದ್ದು ನನ್ನಂಥವರಿಂದಲ್ಲ. ಕೆಲವು ನಾಗರಿಕರು ಸಾರ್ವಜನಿಕ ಹಿತಾಸಕ್ತಿಯ ಅರ್ಜಿ ಹಾಕಿ ಹೋರಾಡಿದರು. ಕೆಡವುವ ಯೋಜನೆ ನಿಂತಿತು. ಹಿಂಬದಿಯಲ್ಲಿ ಹೊಸ ಕೊಠಡಿಗಳು ಬಂದವು, ಮುಂಭಾಗ ಹಾಗೆಯೇ ನಿಂತಿತು. ಜಾಗ ಸಾಲದೆಂಬ ನನ್ನ ವಾದಕ್ಕೆ ಉತ್ತರ ಹಿತ್ತಲಲ್ಲಿಯೇ ಇತ್ತು.

ಹಾಗೆಂದು ಹಳೆಯದೆಲ್ಲ ಪವಿತ್ರವೆಂದು ನಾನು ಹೇಳಲಾರೆ. ನಮ್ಮ ತಾಲ್ಲೂಕು ಕಚೇರಿಗೆ ಗ್ರೀಕ್ ಕಂಬಗಳಿಲ್ಲ. ಅದರ ಮಾಡಿನಲ್ಲಿ ಗೆದ್ದಲಿದೆ, ಮಳೆಗಾಲದಲ್ಲಿ ಕಡತಗಳ ಮೇಲೆ ಬಕೆಟ್ಟು ಇಡುತ್ತಾರೆ. ಆದರೆ ಪಹಣಿಗೆಂದು ಬಂದ ರೈತ ತನ್ನ ಸರದಿ ಬರುವವರೆಗೆ ಕೂರಲು ಅಲ್ಲೊಂದು ಅಗಲವಾದ ಜಗಲಿಯಿದೆ. ನನ್ನ ತಾಯಿ ವಿಧವಾ ವೇತನಕ್ಕಾಗಿ ಅಲೆದ ದಿನಗಳಲ್ಲಿ ಅದೇ ಜಗಲಿಯಲ್ಲಿ ಬುತ್ತಿ ಬಿಚ್ಚುತ್ತಿದ್ದಳು. ಈಚೆಗೆ ನಾನು ಕಂಡ ಹೊಸ ಕಚೇರಿಗಳಲ್ಲಿ ಗಾಜಿದೆ, ಗ್ರಾನೈಟಿದೆ. ಕಾಯುವವರು ಮಾತ್ರ ಮೆಟ್ಟಿಲ ಮೇಲೆ, ಬಿಸಿಲಿನಲ್ಲಿ. ಯಾರಿಗಾಗಿ ಕಟ್ಟುತ್ತೇವೆಂಬುದನ್ನು ನಕ್ಷೆ ಬರೆಯುವವರು ಕೇಳಿಕೊಂಡಂತೆ ತೋರುವುದಿಲ್ಲ.

ಮರುದಿನ ಶಿಷ್ಯನಿಗೆ ನಾನೇ ಕರೆ ಮಾಡಿದೆ. ಮಾಡು ಬದಲಿಸಲು ಎಷ್ಟಾಗುತ್ತದೆ ಎಂದು ಮೊದಲು ಲೆಕ್ಕ ಹಾಕು, ಹೊಸ ಅಂತಸ್ತುಗಳನ್ನು ಹಿಂದಿನ ಖಾಲಿ ಜಾಗದಲ್ಲಿ ಎಬ್ಬಿಸಲಾದೀತೇ ನೋಡು ಎಂದೆ. "ಅದರಲ್ಲಿ ನನಗೆ ಲಾಭ ಕಡಿಮೆ, ಸಾರ್" ಎಂದು ನಕ್ಕ. ಆದರೂ ಬರುವ ಶನಿವಾರ ಅಳತೆಪಟ್ಟಿ ಹಿಡಿದು ಬರುತ್ತೇನೆ ಎಂದಿದ್ದಾನೆ. ಜೊತೆಗೆ ನಾನೂ ಹೋಗುವವನಿದ್ದೇನೆ.