ದುಡಿಮೆ ಅವಳದ್ದು, ಪಾಸ್‌ಪುಸ್ತಕ ಯಾರದ್ದು?

ಬಂಟ್ವಾಳದ ಕಡೆ ನನ್ನ ತಂದೆಯದ್ದು ದಿನಸಿ ಅಂಗಡಿ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಬಳ್ಳಾರಿಯಲ್ಲಿ ಕೃಷಿ ಯಂತ್ರಗಳ ಡೀಲರ್ ಒಬ್ಬರ ಬಳಿ ಸರ್ವಿಸ್ ಕೆಲಸಕ್ಕಿದ್ದೇನೆ. ಸ್ಪ್ರೇಯರ್, ಪಂಪು, ಕಳೆ ತೆಗೆಯುವ ಯಂತ್ರ ಕೆಟ್ಟರೆ ಆಲೂರು, ಆದೋನಿ, ಕೋಸಿಗಿ ಕಡೆಗೂ ಹೋಗುತ್ತೇನೆ. ಅದು ಆಂಧ್ರದ ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗ. 1953ರವರೆಗೆ ಆದೋನಿ, ಆಲೂರು ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಈಗಲೂ ಎಷ್ಟೋ ಊರುಗಳಲ್ಲಿ ಕನ್ನಡದಲ್ಲೇ ಮಾತುಕತೆ ನಡೆಯುತ್ತದೆ.

ಕಳೆದ ವರ್ಷ ಆದೋನಿ ಹತ್ತಿರದ ಒಂದು ಹೊಲಕ್ಕೆ ಯಂತ್ರ ರಿಪೇರಿಗೆ ಹೋಗಿದ್ದೆ. ಬಿಲ್ಲಿನಲ್ಲಿದ್ದದ್ದು ಹೆಂಗಸಿನ ಹೆಸರು. ಆಕೆ ಹತ್ತಿ ಸಾಲಿನಲ್ಲಿ ಕುಡುಗೋಲು ಹಿಡಿದು ಕೂತಿದ್ದರು. ಯಂತ್ರ ಓಡಿಸುವುದು ಗಂಡ. "ಅಕ್ಕಾ, ನಿಮ್ಮ ಯಂತ್ರವಲ್ಲವೇ, ಒಮ್ಮೆ ಚಾಲೂ ಮಾಡಿ ನೋಡಿ" ಎಂದೆ. "ಹೆಸರಷ್ಟ ನಂದಣ್ಣ, ಮಿಷನ್ ಅವರದ" ಎಂದು ನಕ್ಕರು.

ಆ ಮಾತಿಗೆ ಕಾರಣವಿದೆ. ಕೇಂದ್ರದ ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಮಹಿಳೆಯರಿಗೆ, ಸಣ್ಣ ರೈತರಿಗೆ, ಪರಿಶಿಷ್ಟರಿಗೆ ಅನೇಕ ಯಂತ್ರಗಳ ಮೇಲೆ ಶೇ. 50ರವರೆಗೆ ಸಬ್ಸಿಡಿ ಸಿಗುತ್ತದೆ, ಉಳಿದವರಿಗೆ ಶೇ. 40. ಹಾಗಾಗಿ ಅರ್ಜಿಗೆ ಹೆಂಡತಿಯ ಹೆಸರು ಬೇಕು, ಹ್ಯಾಂಡಲ್ ಹಿಡಿಯಲು ಬೇಡ. ಹಗ್ಗ ಎಳೆದು ಎಂಜಿನ್ ಚಾಲೂ ಮಾಡುವುದನ್ನು ಆಕೆಗೆ ಯಾರೂ ಕಲಿಸಿರಲಿಲ್ಲ. ಹ್ಯಾಂಡಲಿನ ಎತ್ತರವನ್ನೂ ಆಕೆಯ ಅಳತೆಗೆ ಇಳಿಸಿರಲಿಲ್ಲ. ಎರಡು ನಟ್ಟು ಸಡಿಲಿಸಿದರೆ ಆಗುವ ಕೆಲಸ ಅದು.

ಆದರೆ ಹೊಲದ ದುಡಿಮೆ ಯಾರದ್ದು? ಹತ್ತಿಯ ಕಾಯಿ ಎಲ್ಲವೂ ಒಟ್ಟಿಗೆ ಒಡೆಯುವುದಿಲ್ಲ. ಒಂದೇ ಹೊಲದಲ್ಲಿ ಮೂರು ನಾಲ್ಕು ಸಲ ಕೈಯಿಂದಲೇ ಬಿಡಿಸಬೇಕು. ಬಿಡಿಸುವವರಲ್ಲಿ ಹೆಚ್ಚಿನವರು ಹೆಂಗಸರು. ಕಳೆ ಕೀಳುವುದೂ ಅವರೇ. ಮಳೆ ಕೈಕೊಟ್ಟ ವರ್ಷ ಕೋಸಿಗಿ, ಕೌತಾಳಂ ಕಡೆಯ ಮನೆಮಂದಿ ಮೆಣಸಿನಕಾಯಿ ಬಿಡಿಸಲು ಗುಂಟೂರಿಗೆ ಹೊರಡುತ್ತಾರೆ. ಅದನ್ನು ಅಲ್ಲಿಯವರು 'ಸುಗ್ಗಿಗೆ ಹೋಗುವುದು' ಎನ್ನುತ್ತಾರೆ. ನಮಗೆ ಸುಗ್ಗಿ ಎಂದರೆ ಬೆಳೆ ಮನೆಗೆ ಬರುವ ಕಾಲ. ಅವರಿಗೆ ಮನೆ ಬಿಟ್ಟು ಹೋಗುವ ಕಾಲ. ಗಂಡಸರು ಕಟ್ಟಡ ಕೆಲಸಕ್ಕೆ ಬೆಂಗಳೂರಿಗೋ ಹೈದರಾಬಾದಿಗೋ ಹೋದರೆ ಬೀಜ, ಗೊಬ್ಬರ, ಕೂಲಿ ಎಲ್ಲದರ ಲೆಕ್ಕವೂ ಹೆಂಗಸಿನ ತಲೆ ಮೇಲೆ.

ಹೀಗೆ ಹೆಂಗಸರು ಕೂಲಿಯಿಂದ ಬೇಸಾಯದ ಜವಾಬ್ದಾರಿಗೆ ಬಂದಿದ್ದಾರೆ. ಕಾಗದ ಮಾತ್ರ ಇದ್ದಲ್ಲೇ ಇದೆ. 2015-16ರ ಕೃಷಿ ಗಣತಿಯ ಪ್ರಕಾರ ದೇಶದ ಹಿಡುವಳಿಗಳಲ್ಲಿ ಮಹಿಳೆಯರ ಹೆಸರಲ್ಲಿ ನಡೆಯುವುದು ಸುಮಾರು ಶೇ. 14 ಮಾತ್ರ. ಪಿಎಂ ಕಿಸಾನಿನ ವರ್ಷದ 6,000 ರೂಪಾಯಿ ಬರುವುದು ಜಮೀನು ಹೆಸರಲ್ಲಿರುವ ಕುಟುಂಬಕ್ಕೆ. ಹತ್ತಿ ನಿಗಮಕ್ಕೆ ಬೆಂಬಲ ಬೆಲೆಗೆ ಮಾರಬೇಕಾದರೂ ಜಮೀನಿನ ದಾಖಲೆ ಕೇಳುತ್ತಾರೆ. ಹೆಸರಿಲ್ಲದವಳು ಎಷ್ಟು ದುಡಿದರೂ ಕಚೇರಿಯ ಲೆಕ್ಕದಲ್ಲಿ ರೈತಳಲ್ಲ.

ಕಾನೂನು ಇಲ್ಲವೆಂದಲ್ಲ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿಯನ್ನು ಆಂಧ್ರ 1986ರಲ್ಲೇ ತಂದಿತು, ಕರ್ನಾಟಕ 1994ರಲ್ಲಿ, ಇಡೀ ದೇಶಕ್ಕೆ 2005ರಲ್ಲಿ ಬಂತು. ನಮ್ಮ ವಿಷಯಕ್ಕೆ ಬಂದರೆ, 1937ರ ಶರೀಅತ್ ಕಾಯ್ದೆ ಕೃಷಿ ಭೂಮಿಯನ್ನು ಹೊರಗಿಟ್ಟಿತ್ತು. ಮದ್ರಾಸ್ ಪ್ರಾಂತ್ಯ 1949ರ ತಿದ್ದುಪಡಿಯಲ್ಲಿ ಅದನ್ನೂ ಒಳಗೆ ಸೇರಿಸಿತು. ಆಗ ಆದೋನಿಯೂ ನಮ್ಮ ದಕ್ಷಿಣ ಕನ್ನಡವೂ ಅದೇ ಮದ್ರಾಸಿನಲ್ಲಿದ್ದವು. ಅಂದರೆ ಗದ್ದೆಯಲ್ಲೂ ತೋಟದಲ್ಲೂ ಮಗಳಿಗೆ ಪಾಲಿದೆ. ಮಗನ ಪಾಲಿನ ಅರ್ಧವಾದರೂ ಅದು ಕಡ್ಡಾಯ ಪಾಲು. ಅಣ್ಣತಮ್ಮಂದಿರು ಮನಸ್ಸು ಮಾಡಿ ಕೊಡುವ ದಾನವಲ್ಲ.

ಆದರೆ ನಮ್ಮ ಮನೆಗಳಲ್ಲಿ ಏನಾಗುತ್ತದೆ? ಅಜ್ಜನ ಅಡಿಕೆ ತೋಟ ಪಾಲಾದಾಗ ನಾನು ಚಿಕ್ಕವನು. ಉಮ್ಮ ಬುರ್ಖಾ ಹಾಕಿಕೊಂಡು ಸೋದರಮಾವಂದಿರ ಜೊತೆ ಜೀಪಿನಲ್ಲಿ ಹೋಗಿ ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಿ ಬಂದರು. ಬರುವಾಗ ಮಾವ ನಮಗೆಲ್ಲ ಐಸ್‌ಕ್ರೀಂ ಕೊಡಿಸಿದ್ದರು. ಇಷ್ಟು ವರ್ಷದ ಮೇಲೆ ಕೇಳಿದೆ, "ಉಮ್ಮ, ಯಾಕೆ ಸಹಿ ಹಾಕಿದಿರಿ?" "ಬೇಡವೆಂದರೆ ತವರಿಗೆ ಯಾವ ಮುಖ ಹೊತ್ತು ಹೋಗುವುದು ಮಗಾ?" ಎಂದರು. ನಮ್ಮ ಶಾಲೆಯ ಫೀಸು ಕಟ್ಟಿದ್ದು ಉಮ್ಮ ಸುತ್ತಿದ ಬೀಡಿ. ಅವರ ಹೆಸರಲ್ಲಿದ್ದ ಒಂದೇ ದಾಖಲೆ ಆ ಬೀಡಿಯ ಪಾಸ್‌ಪುಸ್ತಕ.

"ಮದುವೆಗೆ ಚಿನ್ನ ಕೊಟ್ಟಿಲ್ಲವೇ?" ಎಂದು ಕೇಳುವವರಿದ್ದಾರೆ. ಮದುವೆಯಲ್ಲಿ ಕೊಟ್ಟದ್ದು ಉಡುಗೊರೆ, ಅದರಿಂದ ವಾರಸು ಪಾಲು ತೀರುವುದಿಲ್ಲ. "ಜಮೀನು ಬೇರೆ ಮನೆಗೆ ಹೋಗುತ್ತದೆ" ಎನ್ನುವವರೂ ಇದ್ದಾರೆ. ಹಾಗಾದರೆ ನಮ್ಮ ಮನೆಗೆ ಬಂದ ಸೊಸೆಯ ಪಾಲು ಎಲ್ಲಿ ಉಳಿಯಿತು ಎಂದೂ ಕೇಳಬೇಕಲ್ಲವೇ? "ತುಂಡು ತುಂಡಾದರೆ ತೋಟ ಉಳಿಯದು" ಎಂಬ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಅದಕ್ಕೂ ದಾರಿಯುಂಟು. ತೋಟ ಒಟ್ಟಿಗೇ ಇರಲಿ, ಪಹಣಿಯಲ್ಲಿ ಎಲ್ಲರ ಹೆಸರಿರಲಿ, ಫಸಲಿನ ದುಡ್ಡು ಪಾಲಿನಂತೆ ಹಂಚಿ. ಅಂಗಡಿಯ ಪಾಲುದಾರಿಕೆಯನ್ನು ಇಷ್ಟು ವರ್ಷ ಚೆನ್ನಾಗಿ ನಡೆಸಿದ ನಮಗೆ ಇದು ಕಷ್ಟವೇ?

ವಿಶ್ವಸಂಸ್ಥೆ 2026ನ್ನು ರೈತ ಮಹಿಳೆಯರ ಅಂತರರಾಷ್ಟ್ರೀಯ ವರ್ಷವೆಂದು ಘೋಷಿಸಿದೆ. ಸಭೆ, ಸನ್ಮಾನ ನಡೆಯಲಿ. ಆದರೆ ಅವಳು ಎಷ್ಟು ದುಡಿಯುತ್ತಾಳೆ ಎಂದು ಹೊಗಳಿ ಕಾಗದವನ್ನು ನಮ್ಮ ಹೆಸರಲ್ಲೇ ಇಟ್ಟುಕೊಂಡರೆ, ಬದಲಾದದ್ದು ಅವಳ ಕೆಲಸದ ಹೊರೆ ಮಾತ್ರ.

ಅಂದು ಆ ಹೊಲದಲ್ಲಿ ಹ್ಯಾಂಡಲ್ ಇಳಿಸಿ ಕೊಟ್ಟೆ. ಮೂರನೇ ಸಲ ಹಗ್ಗ ಎಳೆದಾಗ ಎಂಜಿನ್ ಹಿಡಿಯಿತು. ಆಕೆ ಎರಡು ಸಾಲು ತಾವೇ ಓಡಿಸಿದರು. ಗಂಡ ಬದುವಿನ ಮೇಲೆ ನಿಂತು ನೋಡುತ್ತಿದ್ದರು.

ಈ ಪೆರ್ನಾಲಿಗೆ ಊರಿಗೆ ಹೋದಾಗ ತಂದೆಯ ಮುಂದೆ ಮನೆ, ಅಂಗಡಿಯ ಪಾಲಿನ ಮಾತು ಎತ್ತಬೇಕೆಂದಿದ್ದೇನೆ, ತಂಗಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು. ಖುಲಾಸೆ ಪತ್ರವನ್ನು ನಾನು ಅವಳ ಮುಂದೆ ಇಡುವುದಿಲ್ಲ. ನೀವೂ ನಿಮ್ಮ ಮನೆಯಲ್ಲಿ ಈ ಮಾತು ಎತ್ತಿ.